ಗೇಟಿನಲ್ಲಿ ಏರುವ ಮುಳ್ಳು

ಏಪ್ರಿಲ್ 8, ಮಂಗಳವಾರ

ಇವತ್ತೂ ಗೇಟಿನಲ್ಲಿ ಅದೇ ಕಥೆ. ನಮ್ಮ ಗಣಿ ಊರು ಚಾಂಪಿಯನ್ ರೀಫ್ಸ್‌ನಿಂದ ಹೊರಟು ಬಂಗಾರಪೇಟೆ ಹತ್ತಿರ ಬರುವವರೆಗೂ ಟೆಂಪರೇಚರ್ ಮುಳ್ಳು ಸಾಧು ಹಸುವಿನ ಹಾಗೆ ನಡುವಿನಲ್ಲೇ ಇತ್ತು. ರೈಲ್ವೆ ಗೇಟ್ ಬಿತ್ತು, ಗಾಡಿ ನಿಂತಿತು, ಮುಳ್ಳು ಎದ್ದಿತು. ಮಾರಿಕುಪ್ಪಂ ರೈಲು ಹೋಗುವಷ್ಟರಲ್ಲಿ ಕೆಂಪು ಗೆರೆಯ ಹತ್ತಿರ. ಇಂಜಿನ್ ಆಫ್ ಮಾಡಿದೆ. ಮತ್ತೆ ಸ್ಟಾರ್ಟ್ ಆಗುತ್ತದೋ ಇಲ್ಲವೋ ಅಂತ ನನಗೆ ಢವಢವ. ಅಪ್ಪ ಮಾತ್ರ ಆರಾಮಾಗಿ ಕಡಲೆಕಾಯಿ ಬಿಡಿಸುತ್ತಿದ್ದ.

"ಅಳೇ ಡೀಸೆಲ್ ಗಾಡಿ ಕಣಮ್ಮ. ಅದ್ಕೂ ಉಸ್ರು ಕಟ್ತೈತೆ, ನನ್ನಂಗೆ."

ಎದೆ ಡಾಕ್ಟರ್ ಅದೇ ಮಾತ್ರೆ ಬರೆದರು. ಗಣಿ ಧೂಳು ಒಳಗೆ ಕೂತಮೇಲೆ ಏಳುವುದಿಲ್ಲ. ಮುಂದಿನ ಮಂಗಳವಾರ ಮತ್ತೆ.

ಏಪ್ರಿಲ್ 9

ಅಂಬರೀಶ್ ಫೋನ್ ಮಾಡಿದ್ದ. ಬಂಗಾರಪೇಟೆಯಲ್ಲಿ ಕೂತು ಬುದ್ಧಿ ಹೇಳುವ ನನ್ನ ತಮ್ಮ. ಗಾಡಿ ಅವನ ಹೆಸರಲ್ಲಿದೆ.

"ತಿಂಗ್ಳ ಕೊನೆಗೆ ಗುಜರಿಗೆ ಕೊಟ್ಬಿಡ್ತೀನಿ ಅಕ್ಕ. ನಡುದಾರೀಲಿ ಬೆಂಕಿ ಹತ್ಕೊಂಡ್ರೆ ಅಪ್ಪನ್ನ ಎತ್ಕೊಂಡು ಓಡ್ತೀಯಾ? ಆಟೋ ಮಾಡ್ಕೋ."

ಆಟೋ ಅಂತೆ. ಹೋದ ಸಲ ಆಟೋದಲ್ಲಿ ಧೂಳು ಕುಡಿದು ಅಪ್ಪನ ತುಟಿ ನೀಲಿ ಆಗಿತ್ತು. ರೈಲಿನ ಮೆಟ್ಟಿಲು ಅವನಿಂದ ಆಗುವುದಿಲ್ಲ. ಗಾಡಿ ಹೋದರೆ ಈ ಲೈನ್ ಮನೆಯ ಎರಡು ಕೋಣೆಯೇ ಅವನ ಪ್ರಪಂಚ. ಕೊಡಲು ಬಿಡುವುದಿಲ್ಲ. ಆದರೆ ಸರಿಮಾಡಿ ತೋರಿಸಬೇಕು...

ಏಪ್ರಿಲ್ 13, ಭಾನುವಾರ

ರೇಡಿಯೇಟರ್ ತೊಳೆದೆ. ಗಣಿ ಕಸ ಸುರಿದ ಸೈನೈಡ್ ದಿಬ್ಬದ ಬೂದು ಧೂಳು ಕೆಸರಾಗಿ ಹರಿಯಿತು. ಇದೇ ಕಾರಣ ಅಂತ ಖುಷಿಯೋ ಖುಷಿ. ಕೂಲೆಂಟ್ ತುಂಬಿದೆ. ಎಲ್ಲೂ ಸೋರುತ್ತಿಲ್ಲ.

ಏಪ್ರಿಲ್ 15, ಮಂಗಳವಾರ

ಧೂಳು ಕಾರಣ ಅಲ್ಲ. ಓಡುವಾಗ ತಣ್ಣಗೆ, ನಿಂತರೆ ಬಿಸಿ. ಗೇಟಿನಲ್ಲಿ ಹೀಟರ್ ಫುಲ್ ಹಾಕಿದೆ — ಇಂಜಿನ್ ಬಿಸಿ ಒಳಕ್ಕೆ ಬಂದರೆ ಮುಳ್ಳು ಇಳಿಯುತ್ತದೆ ಅಂತ ಎಲ್ಲೋ ಕೇಳಿದ್ದೆ. ಇಳಿಯಿತು. ಏಪ್ರಿಲ್ ಬಿಸಿಲಲ್ಲಿ ಹೀಟರ್! ಪಕ್ಕದ ಬಸ್ಸಿನವರು ನಮ್ಮನ್ನು ಹುಚ್ಚರು ಅಂದುಕೊಂಡಿರಬೇಕು. ಅಪ್ಪ ಬೆವರು ಒರೆಸಿಕೊಂಡು ನಕ್ಕ.

"ಇದೇನ್ ಬಿಸಿ. ಭೂಮಿ ಒಳ್ಗೆ ಕಲ್ಲು ಮುಟ್ಟಿದ್ರೆ ಕೈ ಸುಡೋದು."

ಏಪ್ರಿಲ್ 18

ಮೆಕ್ಯಾನಿಕ್ ವೆಂಕಿ ಥರ್ಮೋಸ್ಟಾಟ್ ಬದಲಾಯಿಸಿದ. ಏನೂ ಆಗಲಿಲ್ಲ. "ಹೆಡ್ ಗ್ಯಾಸ್ಕೆಟ್ ಪೋಚ್ಚು, ಹೋಗೈತೆ ಅನ್ಸುತ್ತೆ ಅಕ್ಕ. ಇಂಜಿನ್ ಬಿಚ್ಬೇಕು."

"ಫ್ಯಾನ್?"

"ಮೇಲಿಂದ ನೋಡ್ದೆ. ಸೂಪರಾಗಿ ತಿರುಗ್ತೈತೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಿಚ್ಚಲು ಬಿಡಲಿಲ್ಲ. ಬಿಚ್ಚಿದ್ದು ಮತ್ತೆ ಕೂಡುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ಏಪ್ರಿಲ್ 24, ಮಧ್ಯಾಹ್ನ

ನಡುವೆ ಬರೆಯಲಾಗಲಿಲ್ಲ. ಮದುವೆ ಬ್ಲೌಸ್‌ಗಳ ರಾಶಿ, ಮಿಷನ್ ಬಿಟ್ಟು ಏಳಲಿಲ್ಲ. ಮಂಗಳವಾರ ಮತ್ತೆ ಹೀಟರ್ ಹಾಕಿಕೊಂಡೇ ಹೋಗಿ ಬಂದೆವು.

ಇವತ್ತು ಮನೆ ಮುಂದೆ ಗಾಡಿ ಸ್ಟಾರ್ಟ್ ಮಾಡಿ ಬಿಟ್ಟು, ಮುಂದೆ ನಿಂತು ನೋಡುತ್ತಿದ್ದೆ. ಫ್ಯಾನ್ ಶುರುವಾಯಿತು. ನನ್ನ ಸೆರಗು ಹಾರಿತು. ಎಲೆ ಅಲುಗದ ಮಧ್ಯಾಹ್ನ, ಗಾಳಿ ಎಲ್ಲಿಂದ? ಮುಖಕ್ಕೆ ಬಿಸಿ ರಾಚುತ್ತಿತ್ತು. ಬ್ಲೌಸಿನ ಪೇಪರ್ ಕಟಿಂಗ್ ತಂದು ಗ್ರಿಲ್‌ಗೆ ಹಿಡಿದೆ. ಹಾರಿ ಬಂದು ಕಾಲ ಬಳಿ ಬಿತ್ತು. ವೆಂಕಿಯ ಶೆಡ್‌ನಲ್ಲಿ ಇನ್ನೊಂದು ಗಾಡಿಯ ಗ್ರಿಲ್‌ಗೆ ಪ್ಲಾಸ್ಟಿಕ್ ಕವರ್ ಅಂಟಿಕೊಂಡಿದ್ದು ನೆನಪಾಯಿತು. ಅದು ಗಾಳಿ ಒಳಕ್ಕೆ ಎಳೆಯುತ್ತಿತ್ತು. ನಮ್ಮದು ಹೊರಕ್ಕೆ ಊದುತ್ತಿದೆ. ಇಂಜಿನ್ ಬಿಸಿಯನ್ನೇ ತಂದು ರೇಡಿಯೇಟರ್‌ಗೆ ಊದುತ್ತಿದೆ. ಓಡುವಾಗ ಎದುರು ಗಾಳಿ ಗೆಲ್ಲುತ್ತದೆ. ನಿಂತರೆ ಫ್ಯಾನ್ ಗೆಲ್ಲುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ.

ಬಾನೆಟ್ ಎತ್ತಿದೆ. ಫ್ಯಾನಿನ ವೈರ್ ಜಾಯಿಂಟಿಗೆ ಟೇಪ್, ಟೇಪಿನ ಮೇಲೆ ಬಿಳಿ ದಾರ ಬಿಗಿದು ಗಂಟು. ಮನೆಯ ಇಸ್ತ್ರಿಪೆಟ್ಟಿಗೆಗೂ ಅದೇ ಗಂಟು. ಮೈನ್ಸಿನ ಗಂಟು. ಚಳಿಗಾಲದಲ್ಲಿ ಫ್ಯಾನ್ ಮೋಟರ್ ಸುಟ್ಟಾಗ ಹೊಸದು ಹಾಕಿದ್ದು ಅಪ್ಪನೇ.

ಬಾನೆಟ್ ಮುಚ್ಚಿ ಒಳಗೆ ಬಂದೆ.

ಏಪ್ರಿಲ್ 25

ಕೈ ತಪ್ಪಿರಬಹುದು ಅಂದುಕೊಂಡಿದ್ದೆ. ಮೆಲ್ಲಗೆ ಕೇಳಿದೆ — ಮೈನ್ಸಲ್ಲಿ ನಿನ್ನ ಫ್ಯಾನ್ ಗಾಳಿ ಒಳಕ್ಕೆ ಹಾಕುತ್ತಿತ್ತಾ, ಹೊರಕ್ಕಾ? ಅಪ್ಪನ ಮುಖ ಅರಳಿತು. ಗಣಿ ಮುಚ್ಚುವವರೆಗೂ ಅವನದು ಸುರಂಗಕ್ಕೆ ಗಾಳಿ ಆಡಿಸುವ ಫ್ಯಾನ್ ಮನೆಯ ಡ್ಯೂಟಿ.

"ಬಿಸಿ ಗಾಳಿನ ಒರಕ್ಕೆ ಎಳೀಬೇಕು. ತಣ್ಣಂದು ತಾನಾಗೇ ಒಳಕ್ಕೆ ಬತ್ತೈತೆ. ನಮ್ ಗಾಡೀಗೂ ಅಂಗೇ ಮಾಡಿವ್ನಿ. ಮೊದ್ಲು ಬಿಸಿನೆಲ್ಲ ಇಂಜಿನ್ ಮ್ಯಾಲೇ ಊದೋ ಅಂಗೆ ಇಕ್ಕಿದ್ರು, ಬುದ್ಧಿ ಇಲ್ದೋರು."

ಬೇಕಂತಲೇ ಮಾಡಿದ್ದಾನೆ. ಹೆಮ್ಮೆಯಿಂದ. ನಾನು ಟೀ ಲೋಟ ತೊಳೆಯುವ ನೆಪದಲ್ಲಿ ಎದ್ದೆ.

ಏಪ್ರಿಲ್ 27, ಭಾನುವಾರ

ಅಪ್ಪ ಮಲಗಿದ್ದಾಗ ದಾರ ಕತ್ತರಿಸಿ, ಎರಡು ವೈರ್ ಅದಲು ಬದಲು ಮಾಡಿ, ಟೇಪ್ ಸುತ್ತಿ, ಹೊಲಿಗೆ ದಾರದಲ್ಲಿ ಅವನ ಗಂಟನ್ನೇ ಹಾಕಿದೆ. ಬಿಳಿ ರೀಲ್ ಮುಗಿದಿತ್ತು. ತಿಳಿ ಹಳದಿ. ಬಾನೆಟ್ ಒಳಗಿನ ಕತ್ತಲಲ್ಲಿ ಯಾರು ನೋಡುತ್ತಾರೆ.

ಪೇಪರ್ ಕಟಿಂಗ್ ಗ್ರಿಲ್‌ಗೆ ಅಂಟಿ ನಿಂತಿತು. ಗಾಡಿ ನಿಂತಲ್ಲೇ ಇಂಜಿನ್ ಓಡುತ್ತಿದ್ದರೂ ಮುಳ್ಳು ಏಳಲಿಲ್ಲ. ಒಬ್ಬಳೇ ನಕ್ಕೆ.

ಅಂಬರೀಶ್‌ಗೆ ಫೋನ್ ಮಾಡಿದೆ. ಗಾಡಿ ಸರಿಹೋಯಿತು, ಕೊಡಬೇಡ.

"ಏನಾಗಿತ್ತು?"

"ಏನೋ ಸಣ್ಣದು."

"ಏನಂತ ಗೊತ್ತಿಲ್ದೆ ಸರಿ ಓಗಿದ್ದು ಮತ್ತೆ ಕೆಡ್ತೈತೆ. ಬುಧವಾರ ಗುಜರಿಯವ್ನು ಬತ್ತಾನೆ."

ಹೇಳಿದರೆ ಗಾಡಿ ಉಳಿಯುತ್ತದೆ. ಆದರೆ ಹೋದ ವರ್ಷ ತನ್ನ ಮನೆಯ ಸ್ವಿಚ್‌ಬೋರ್ಡ್ ಮುಟ್ಟಿದ ಅಂತ ನೆಂಟರ ಮುಂದೆ ಅಪ್ಪನ ಟೂಲ್ ಬಾಕ್ಸ್ ಕಿತ್ತಿಟ್ಟುಕೊಂಡವನು ಇವನೇ. ವಾರಗಟ್ಟಲೆ ಅಪ್ಪ ಮಾತಾಡಿರಲಿಲ್ಲ. ನಾನೇ ಬೇಡಿ ವಾಪಸ್ ತಂದೆ. ಗಾಡಿ ಉಳಿಸಲೋ, ಅಪ್ಪನನ್ನೋ? ಹೇಳದೆ ಫೋನ್ ಇಟ್ಟೆ.

ಏಪ್ರಿಲ್ 29, ಮಂಗಳವಾರ, ಗೇಟಿನಲ್ಲಿ

ಸ್ಟೀರಿಂಗ್ ಮೇಲಿಟ್ಟು ಬರೆಯುತ್ತಿದ್ದೇನೆ. ಬೆಳಿಗ್ಗೆ ಹೊರಡುವ ಮುಂಚೆ ಅಪ್ಪ ನೀರು ನೋಡಲು ಬಾನೆಟ್ ಎತ್ತಿದ. ತುಂಬಾ ಹೊತ್ತು ಬಗ್ಗಿ ನಿಂತಿದ್ದ. ಮುಚ್ಚಿದ. ದಾರಿಯುದ್ದಕ್ಕೂ ಕಡಲೆಕಾಯಿ ಪೊಟ್ಟಣ ಬಿಚ್ಚಲಿಲ್ಲ.

ಗೇಟ್ ಬಿತ್ತು. ಹೀಟರ್ ಹಾಕಲಿಲ್ಲ. ಇಬ್ಬರೂ ಮುಳ್ಳನ್ನೇ ನೋಡುತ್ತಾ ಕೂತೆವು. ಅದು ನಡುವಿನಲ್ಲೇ ಇತ್ತು.

"ಗಂಟು ಚೆನ್ನಾಗಾಕಿದ್ದೀಯ," ಅಂದ. "ದಾರ ನಂದಲ್ಲ."

ನನಗೆ ಅಳು ಬಂತು. ಅಪ್ಪ ಕಿಟಕಿ ಕಡೆ ತಿರುಗಿದ.

"ಮೈನ್ಸಲ್ಲಿ ಬೆಂಕಿ ಬಿದ್ರೆ ಫ್ಯಾನ್ ಉಲ್ಟಾ ತಿರುಗಿಸ್ತಿದ್ವಿ, ಒಳ್ಗಿರೋರು ಉಳೀಲಿ ಅಂತ. ನೀನು ಮಾಡಿದ್ದೂ ಅದೇಯ. ತಮ್ಮುಂಗೆ ಏಳಿದ್ಯಾ?"

"ಇಲ್ಲಪ್ಪ."

"ಗಾಡಿ ಬುಧವಾರ ಓಗ್ತೈತೆ ಅಂತ ನಂಗೂ ಅಂದ್ನಲ್ಲ ಅವ್ನು. ಅಂಗಿದ್ರೂ ಏಳ್ಳಿಲ್ವಾ?"

ತಲೆಯಾಡಿಸಿದೆ. ಅಪ್ಪ ನನ್ನ ಫೋನ್ ತೆಗೆದುಕೊಂಡ. ಈಗ ಅಂಬರೀಶ್ ಜೊತೆಗೇ ಮಾತಾಡುತ್ತಿದ್ದಾನೆ. ಉಸಿರು ಹಿಡಿಯುತ್ತಿದ್ದರೂ ಜೋರಾಗಿ, ಫ್ಯಾನ್ ಮನೆಯಲ್ಲಿ ಮಾತಾಡಿದ ಹಾಗೆ.

"ಗಾಡೀದು ತಪ್ಪಿಲ್ಲ ಕಣ್ಲಾ. ನಾನು ವೈರ್ ಉಲ್ಟಾ ಕೊಟ್ಟಿದ್ದೆ. ಊಂ, ನಾನೇ. ಬೇಕಾದ್ರೆ ಟೂಲ್ ಬಾಕ್ಸ್ ತಗೊಂಡೋಗು. ಗಾಡಿ ಬಿಡು."

ತಮ್ಮ ಏನು ಹೇಳುತ್ತಿದ್ದಾನೋ ನನಗೆ ಕೇಳಿಸುತ್ತಿಲ್ಲ. ಅಪ್ಪ ಫೋನ್ ಕಿವಿಗೆ ಒತ್ತಿಕೊಂಡೇ ಇದ್ದಾನೆ, ಇನ್ನೊಂದು ಕೈ ಡ್ಯಾಶ್‌ಬೋರ್ಡ್ ಮೇಲೆ. ರೈಲು ಹೋಯಿತು. ಗೇಟ್ ಏಳುತ್ತಿದೆ, ಹಿಂದಿನ ಬಸ್ಸಿನವನ ಹಾರನ್. ಅಪ್ಪ ಕೈ ಎತ್ತಿ ನನಗೆ, ಇರು ಅಂತ —