ಎಂಟು ಸೆಕೆಂಡಿನ ವಿಡಿಯೊ

ಬುದೈ ಬಂದರು,
ಎಂಟನೇ ಚಾಂದ್ರಮಾಸದ ಇಪ್ಪತ್ತನೇ ದಿನ

ಒಡಹುಟ್ಟಿದ ಆಕುನ್,

ನಿನ್ನ ಬೆನ್ನುನೋವು ಹೇಗಿದೆ? ನಿನ್ನ ಹೆಂಡತಿ ಮೈಫೆನ್‌ಗೆ ಮತ್ತೆ ತಲೆಸುತ್ತು ಬರಲಿಲ್ಲ ತಾನೇ? ತೈಪೆಯಲ್ಲಿ ಆಗಲೇ ಚಳಿಗಾಳಿ ಎಂದು ಟಿವಿಯಲ್ಲಿ ಹೇಳಿದರು, ಕುತ್ತಿಗೆಗೆ ಏನಾದರೂ ಸುತ್ತಿಕೊಂಡು ಓಡಾಡು. ಹುಣ್ಣಿಮೆ ಹಬ್ಬಕ್ಕೆ ನೀನು ಕಳಿಸಿದ ಸಿಹಿಯ ಪೆಟ್ಟಿಗೆ ಬಂತು. ಅಮ್ಮ ತಿನ್ನುವ ಸ್ಥಿತಿಯಲ್ಲಿಲ್ಲ. ನನಗೂ ಸೇರಲಿಲ್ಲ, ಪಕ್ಕದ ಮನೆಯ ಆಹಾವ್ ಚಿಕ್ಕಮ್ಮನ ಮೊಮ್ಮಕ್ಕಳಿಗೆ ಕೊಟ್ಟೆ. ಕಾಗದ ಯಾಕೆ ಬರೆಯುತ್ತಿದ್ದಾಳೆ ಇವಳು ಅಂದುಕೊಳ್ಳಬೇಡ. ಫೋನಿನಲ್ಲಿ ಶುರು ಮಾಡಿದರೆ ನಿನಗೆ ಎರಡನೇ ಮಾತಿಗೆ ಮೀಟಿಂಗ್ ಬರುತ್ತದೆ. ಕಾಗದವನ್ನು ಕೊನೆಯವರೆಗೆ ಓದಲೇಬೇಕು.

ಕರ್ಸೀನಾ ನಮ್ಮ ಮನೆಗೆ ಬಂದ ದಿನ ನಿನಗೆ ನೆನಪಿರಲಾರದು, ನೀನು ಇರಲಿಲ್ಲ. ಅಮ್ಮನ ಬಲಗೈ ಬಲಗಾಲು ಬಿದ್ದುಹೋಗಿ ಮೂರು ತಿಂಗಳಾಗಿತ್ತು. ನೋಡಿಕೊಳ್ಳಲು ಜಾವಾದಿಂದ ಒಬ್ಬಳನ್ನು ಕರೆಸಿ ಮನೆಯಲ್ಲೇ ಇರಿಸಿಕೊಳ್ಳೋಣ ಎಂದವನು ನೀನು, ಏಜೆಂಟ್ ಷೀಯನ್ನು ಹುಡುಕಿದವನೂ ನೀನು. ಬಾಗಿಲಲ್ಲಿ ನಿಂತವಳನ್ನು ನೋಡಿ ಅಮ್ಮ ಮುಖ ತಿರುಗಿಸಿದಳು. "ಆ ಕರಿಯಳ ಕೈ ಗಂಜಿ ನಂಗ್ ಬೇಡ" ಎಂದು ಬಟ್ಟಲನ್ನೇ ತಳ್ಳಿಬಿಟ್ಟಳು. ಕರ್ಸೀನಾ ಹಂದಿಮಾಂಸ ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ ಬೇಕೆಂದೇ ದಿನಾ ಅದನ್ನೇ ಬೇಯಿಸಲು ಹೇಳುತ್ತಿದ್ದಳು. ಆ ಹೆಂಗಸು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬೇಯಿಸಿ ಹಾಕಿದಳು. ಆರು ತಿಂಗಳು ಕಳೆದ ಮೇಲೆ ಒಂದು ದಿನ ಅಮ್ಮ ನನ್ನನ್ನು ಕರೆದು, "ನಮ್ಮ ಆನಾಗೆ ಒಂದು ಬಾಣಲೆ ಬೇರೆ ತಂದ್ಕೊಡೆ, ಪಾಪ, ನಮ್ಮ ಬಾಣಲೇಲಿ ಎಷ್ಟು ದಿನ ಅಂತ ಮಾಡ್ಕೊಳ್ತಾಳೆ" ಎಂದಳು. ಅಷ್ಟು ಹೊತ್ತಿಗೆ ಕರ್ಸೀನಾ ಆನಾ ಆಗಿದ್ದಳು, ನಮ್ಮ ಆನಾ. ನಾನೂ ಸಾಚಾ ಅಲ್ಲ ಬಿಡು. ಅಮ್ಮ ಮಲಗಿದಾಗ ಅವಳನ್ನು ನಾವು ಸಮುದ್ರದ ಸಿಂಪಿ ಬಿಡಿಸುವ ಕೊಟ್ಟಿಗೆಗೆ ಕರೆದು ಚಿಪ್ಪು ಬಿಡಿಸಲು ಕೂರಿಸುತ್ತಿದ್ದೆ. ರೋಗಿಯನ್ನು ನೋಡಿಕೊಳ್ಳಲು ಬಂದವಳಿಂದ ಬೇರೆ ಕೆಲಸ ಮಾಡಿಸುವುದು ಕಾಯಿದೆಗೆ ವಿರುದ್ಧ. ಅವಳಿಗೂ ಗೊತ್ತಿತ್ತು, ಆದರೂ ಬಂದು ಕೂರುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಅಮ್ಮನ ಎದೆಯಲ್ಲಿ ಕಫ ಕಟ್ಟಿತಲ್ಲ, ಆಗ ಆಸ್ಪತ್ರೆಯ ನರ್ಸು ಅವಳಿಗೂ ನನಗೂ ಹೇಳಿಕೊಟ್ಟಳು: ಅಮ್ಮನನ್ನು ಮಗ್ಗುಲಾಗಿಸಿ, ಅಂಗೈ ಬೊಗಸೆ ಮಾಡಿ, ಬೆನ್ನಿಗೆ ಕೆಳಗಿನಿಂದ ಮೇಲಕ್ಕೆ ತಟ್ಟಬೇಕು. ಮೆಲ್ಲಗೆ ತಟ್ಟಿದರೆ ಪ್ರಯೋಜನವಿಲ್ಲ, ಸದ್ದು ಬರಬೇಕು. ನನ್ನ ಕೈಗೆ ಅದು ಹತ್ತಲಿಲ್ಲ. ಕರ್ಸೀನಾ ದಿನಕ್ಕೆ ಮೂರು ಹೊತ್ತು ತಪ್ಪದೆ ತಟ್ಟಿದಳು. ನೀನು ಗೋಡೆಗೆ ಕ್ಯಾಮೆರಾ ಹಾಕಿಸಿದ್ದು ಅದಾದ ಮೇಲೆ. ಅಲ್ಲಿಂದ ನಮಗೆ ಫೋನು ಬರಲು ಶುರುವಾಯಿತು. ಅವಳು ಅರ್ಧ ಗಂಟೆ ಸುಮ್ಮನೆ ಕೂತಿದ್ದಳು, ಅವಳು ಚಾಪೆ ಹಾಸಿಕೊಂಡು ನಮಾಜು ಮಾಡಿದಳು, ಅವಳು ಯಾರ ಜೊತೆಗೋ ನಗುತ್ತ ಮಾತಾಡಿದಳು. ಮಗಳ ಜೊತೆಗೆ ಕಣೋ. ಮೂರು ವರ್ಷದ ಕೂಸನ್ನು ಬಿಟ್ಟು ಬಂದವಳು.

ಏಳನೇ ತಿಂಗಳ ಹತ್ತರಂದು ಬೆಳಿಗ್ಗೆ ಆ ಎಂಟು ಸೆಕೆಂಡಿನ ವಿಡಿಯೊವನ್ನು ನೀನು ಮನೆಯವರ ಗುಂಪಿಗೆ ಕಳಿಸಿದೆ. ಸದ್ದಿಲ್ಲ, ಬರೀ ಕೈ ಏಳುವುದು, ಬೀಳುವುದು. "ನೋಡಿ, ಅಮ್ಮನಿಗೆ ಹೊಡೀತಿದಾಳೆ" ಎಂದು ಬರೆದೆ. ನೆಂಟರಿಷ್ಟರೆಲ್ಲ ಶಾಪ ಹಾಕಿದರು. ನನ್ನನ್ನು ಒಂದು ಮಾತು ಕೇಳದೆ ಷೀಗೆ ಫೋನು ಮಾಡಿದೆ. ಮಧ್ಯಾಹ್ನ ಎರಡಕ್ಕೆ ಏಜೆನ್ಸಿಯ ಕಾರು ಬಂತು. ಬಟ್ಟೆ ತುಂಬಿಕೊಳ್ಳಲು ಅವಳಿಗೆ ಇಪ್ಪತ್ತು ನಿಮಿಷ. ನಾನು ಕೊಟ್ಟಿಗೆಯಿಂದ ಬರುವಾಗ ನಾಲ್ಕು. ಅಮ್ಮನ ಹತ್ತಿರ ಆಹಾವ್ ಚಿಕ್ಕಮ್ಮ ಕೂತಿದ್ದಳು. "ಅಳಲಿಲ್ಲ ಕಣೆ ಅವ್ಳು. 'ಮೂರು ಗಂಟೆ ಮಾತ್ರೆ ಪುಡಿ ಮಾಡಿ ಕೊಡಿ, ಹಾಗೇ ಕೊಟ್ರೆ ನೆತ್ತಿಗೇರುತ್ತೆ' ಅಂತ ನಂಗೆ ಹೇಳಿ ಕಾರು ಹತ್ತಿದ್ಳು" ಎಂದಳು. ಅಮ್ಮ ಬಾಗಿಲನ್ನೇ ನೋಡುತ್ತಿದ್ದಳು.

ಆಮೇಲಿನದು ನಿನಗೆ ಗೊತ್ತು. ಅಲ್ಲ, ಗೊತ್ತಿಲ್ಲ. ನೀನು ಆಸ್ಪತ್ರೆಗೆ ಬಂದದ್ದು ಒಂದು ಭಾನುವಾರ, ಹಣ್ಣಿನ ಬುಟ್ಟಿ ಹಿಡಿದು, ಎರಡು ತಾಸು. ಅವಳು ಹೋದ ಒಂಬತ್ತನೇ ದಿನಕ್ಕೆ ಅಮ್ಮನಿಗೆ ಜ್ವರ ಏರಿತು, ಎದೆ ಗೊರಗೊರ. ಜಿಯಾಯಿ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ನೋಡಿ, "ಮನೇಲಿ ಬೆನ್ನು ತಟ್ತಿದ್ದವರು ಯಾರು? ಚೆನ್ನಾಗಿ ಮಾಡ್ತಿದ್ರಲ್ಲ, ನಿಲ್ಸಿದ್ದು ಯಾಕೆ?" ಎಂದು ಕೇಳಿದರು. ನಿನಗೆ ಹೇಳಿದಾಗ ನೀನು ಅಂದದ್ದು, "ನಂಗೇನ್ ಗೊತ್ತು, ವಿಡಿಯೊದಲ್ಲಿ ಹಾಗೇ ಕಾಣ್ತಿತ್ತು. ಆಗಿದ್ದಾಯ್ತು ಬಿಡು, ಬೇರೆಯವಳನ್ನ ತರ್ಸೋಣ." ಕೆಟ್ಟ ಫ್ಯಾನು ಬದಲಿಸುವವನ ಹಾಗೆ. ಅಮ್ಮ ಮೂಗಿಗೆ ನಳಿಗೆ ಹಾಕಿಸಿಕೊಂಡು ಮನೆಗೆ ಬಂದಿದ್ದಾಳೆ. ಮಾತು ನಿಂತಿದೆ. ನಾನು ಕೊಟ್ಟಿಗೆಯ ಕೆಲಸ ಬಿಟ್ಟೆ. ಈಗ ಬೆನ್ನು ತಟ್ಟುವುದನ್ನು ಕಲಿಯುತ್ತಿದ್ದೇನೆ, ಅರವತ್ತೊಂದರ ವಯಸ್ಸಿನಲ್ಲಿ.

ಕರ್ಸೀನಾ ಇನ್ನೂ ಏಜೆನ್ಸಿಯವರ ಕೊಠಡಿಯಲ್ಲಿದ್ದಾಳೆ, ಹದಿನಾಲ್ಕು ಜನರ ನಡುವೆ. ಮುದುಕಿಯನ್ನು ಹೊಡೆದವಳು ಎಂದು ಅವಳ ಕಡತದಲ್ಲಿ ಬರೆದಿದೆ. ಓದಿದ ಮೇಲೆ ಯಾವ ಮನೆಯವರೂ ಕರೆಯುವುದಿಲ್ಲ. ಅರವತ್ತು ದಿನದಲ್ಲಿ ಮನೆ ಸಿಗದಿದ್ದರೆ ಊರಿಗೆ ಸಾಗಹಾಕುತ್ತಾರೆ, ಅದರಲ್ಲಿ ನಲವತ್ತು ಆಗಲೇ ಕಳೆದಿದೆ. ಮೊನ್ನೆ ನಾನು ಅವಳಿಗೆ ಫೋನು ಮಾಡಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಅಮ್ಮನ ಎದೆ ಈಗ ಹೇಗಿದೆ ಅಕ್ಕಾ?" ಅಂದಳು. ಅಷ್ಟೇ ಕೇಳಿದ್ದು.

ಜೊತೆಗಿರುವ ಹಾಳೆಯನ್ನು ಓದು. ಅವಳು ಹೊಡೆಯಲಿಲ್ಲ, ಚಿಕಿತ್ಸೆ ಮಾಡುತ್ತಿದ್ದಳು, ದೂರು ಕೊಟ್ಟದ್ದು ತಪ್ಪು ಎಂದು ಬರೆಸಿದ್ದೇನೆ. ಡಾಕ್ಟರರ ಚೀಟಿಯನ್ನೂ ಸೇರಿಸಿದ್ದೇನೆ. ಸಹಿ ಹಾಕಿ ಏಜೆನ್ಸಿಗೆ ಅಂಚೆಯಲ್ಲಿ ಕಳಿಸು. ನೆಂಟರ ಮುಂದೆ ಮಾನ ಹೋಗುತ್ತದೆ ಎಂದು ಮೈಫೆನ್ ಅನ್ನಬಹುದು. ಹೋಗಲಿ. ಅಮ್ಮನ ಮಗ್ಗುಲು ಬದಲಿಸುವ ಹೊತ್ತಾಯಿತು, ಇಲ್ಲಿಗೆ ಬಿಡುತ್ತೇನೆ. ನಿನ್ನ ಮಕ್ಕಳು ಚೆನ್ನಾಗಿರಲಿ, ಯಾರ ಕೈಯನ್ನೂ ಕಾಯುವ ಮುಪ್ಪು ನಿನಗೆ ಬಾರದಿರಲಿ.

ನಿನ್ನ ಅಕ್ಕ,
ತ್ಸಾಯ್‌ಲಿಯನ್

ಲಕೋಟೆ ಅಂಟಿಸುವ ಮುಂಚೆ: ಹಾಳೆಯಲ್ಲಿ ನಿನ್ನ ಹೆಸರಿಗಿಂತ ಮೇಲೆ ನನ್ನ ಸಹಿ ಯಾಕಿದೆ ಎಂದು ಕೇಳುತ್ತೀಯ. ನೀನು ಆ ವಿಡಿಯೊ ಕಳಿಸಿದ ಹಿಂದಿನ ಸಂಜೆ ಅಮ್ಮನ ಉಗುರು ಕತ್ತರಿಸಲು ಕೂತಿದ್ದೆ. ಅಮ್ಮ ಕೈ ಎಳೆದುಕೊಂಡು, "ನೀ ಬಿಡೆ, ನಿನ್ನ ಕೈ ಒರಟು, ಆನಾ ಬರ್ಲಿ" ಎಂದಳು. ಹನ್ನೊಂದನೇ ವಯಸ್ಸಿನಿಂದ ಚಿಪ್ಪು ಬಿಡಿಸಿ ನಿನ್ನನ್ನು ಓದಿಸಿದ ಕೈ ಇದು. ಮರುದಿನ ಹತ್ತು ಗಂಟೆಗೆ ನಿನ್ನ ವಿಡಿಯೊ ಬಂತು. ನೋಡಿದ ಕೂಡಲೇ ನನಗೆ ತಿಳಿಯಿತು, ಅದು ಏಟಲ್ಲ ಎಂದು. ಫೋನನ್ನು ಜೇಬಿಗೆ ಹಾಕಿಕೊಂಡೆ, ಚೂರಿ ಎತ್ತಿಕೊಂಡು ಇನ್ನೆರಡು ಬುಟ್ಟಿ ಸಿಂಪಿ ಬಿಡಿಸಿದೆ. ಕಾರು ಬಂದದ್ದು ಎರಡು ಗಂಟೆಗೆ. ನನಗೆ ನಾಲ್ಕು ತಾಸು ಇತ್ತು, ಆಕುನ್.