ಐವತ್ತೈದು ಡಿಗ್ರಿಯ ಆಜ್ಞೆ

ಕರೇಗುಡ್ಡ, ಕೊಪ್ಪಳ ಸೀಮೆ
ಫೆಬ್ರವರಿ ಮೂವತ್ತು, ೨೨೯೪

ಇನ್ನೂರ ಎಪ್ಪತ್ತು ವರ್ಷ ಹಿಂದಿರುವ ಹಿರಿಯರಿಗೆ ವಿರೂಪಣ್ಣ ಅಂಗಡಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಆಗುತ್ತಿದ್ದ ಅನ್ಯಾಯವನ್ನು ನಮ್ಮ ಅಜ್ಜಂದಿರ ಕಾಲದಲ್ಲೇ ಸರಿಪಡಿಸಿದ್ದಾರೆ. ನನ್ನ ಕೆಲವು ಮಾತುಗಳೂ ನಿಮ್ಮ ಕಿವಿಗೆ ವಿಚಿತ್ರವೆನಿಸಬಹುದು. ಅದಕ್ಕೆ ಕ್ಷಮೆಯಿರಲಿ. ನಾನು ಹನ್ನೆರಡು ವರ್ಷ ಈ ಊರಿನ ನೀರುಸಭೆಯ ಅಧ್ಯಕ್ಷನಾಗಿದ್ದೆ. ಆ ಅವಧಿಯಲ್ಲಿ ನಾನು ಹೊರಡಿಸಿದ ಅತಿ ದಡ್ಡ ಆಜ್ಞೆಯ ಕಥೆಯನ್ನು ನಿಮಗೆ ಹೇಳಬೇಕಾಗಿದೆ. ಇಲ್ಲಿಯವರಿಗೆ ಅದು ಬಾಯಿಪಾಠವಾಗಿ, ಯಾರೂ ಕೇಳುವುದಿಲ್ಲ.

ನಮ್ಮದು ಬಿಸಿಲಿನ ಊರು. ಮಾರ್ಚ್ ಬಂತೆಂದರೆ ಮಧ್ಯಾಹ್ನ ಯಾರೂ ಮನೆಯಲ್ಲಿರುವುದಿಲ್ಲ. ಓಣಿಗೊಂದು ತಂಪುಮನೆಯಿದೆ. ಹನ್ನೊಂದು ಗಂಟೆಗೆ ಚಾಪೆ, ಬುತ್ತಿ, ಹೊಲಿಗೆ ಹಿಡಿದು ಎಲ್ಲರೂ ಅಲ್ಲಿಗೆ ನಡೆಯುತ್ತೇವೆ. ಒಂದು ಮೂಲೆಯಲ್ಲಿ ಶಾಲೆ, ಇನ್ನೊಂದರಲ್ಲಿ ಕೂಸುಗಳೊಂದಿಗೆ ಮಲಗಿದ ಬಾಣಂತಿಯರು, ನಡುವೆ ರೊಟ್ಟಿ ಮುರಿಯುತ್ತ ವಾದಕ್ಕಿಳಿದ ನನ್ನಂಥ ಮುದುಕರು. ಈ ತಂಪು ಹುಟ್ಟುವುದು ಬಿಸಿನೀರಿನಿಂದ ಎಂದರೆ ನೀವು ನಗಬಹುದು. ಊರ ಕೆಳಗಿನ ತಗ್ಗಿನಲ್ಲಿ ಗಾಜು ಮುಚ್ಚಿದ ಕೊಳವಿದೆ, ಅದಕ್ಕೆ ಬಿಸಿಲುಗೊಳ ಎನ್ನುತ್ತೇವೆ. ಅಲ್ಲಿ ಕಾದ ನೀರನ್ನು ಒಂದೇ ಒಂದು ಪಂಪು ಎಲ್ಲ ತಂಪುಮನೆಗಳಿಗೂ ದೂಡುತ್ತದೆ. ಆ ಬಿಸಿಯ ಬಲದಿಂದಲೇ ಅಲ್ಲಿನ ಯಂತ್ರಗಳು ನಡೆಯುತ್ತವೆ. ಪಂಪಿನೊಳಗೆ ತಿರುಗುವ ಚಕ್ರ ಕೆಟ್ಟಿತೋ, ಊರೇ ಬೇಯುತ್ತದೆ.

ಪಂಪು ನೋಡಿಕೊಳ್ಳುತ್ತಿದ್ದವಳು ಹುಲಿಗೆಮ್ಮ. ನಲವತ್ತರ ಹೆಂಗಸು, ಗಟ್ಟಿ ದನಿ, ನಕ್ಕರೆ ಎರಡು ಓಣಿಯಾಚೆ ಕೇಳಿಸುತ್ತಿತ್ತು. ನಾನು ಆಜ್ಞೆ ಹೊರಡಿಸಿದ ವರ್ಷ ನೀರು ಎಪ್ಪತ್ತು ಡಿಗ್ರಿ ಕಾಯುತ್ತಿತ್ತು. ಚಕ್ರ ಎಂಟೇ ತಿಂಗಳಲ್ಲಿ ಸ್ಪಂಜಿನಂತೆ ತೂತುಬಿದ್ದು ಹೊರಬಂತು. ಮರಳಿರಬಹುದೆಂದು ಜರಡಿ ಹಾಕಿಸಿದೆ. ಒಂದು ಹರಳೂ ಸಿಗಲಿಲ್ಲ. ಹಾಗಾದರೆ ಬಿಸಿಯೇ ಲೋಹವನ್ನು ತಿನ್ನುತ್ತಿದೆ ಎಂದು ತೀರ್ಮಾನಿಸಿ, ಗಾಜಿನ ಮೇಲೆ ಅರ್ಧ ಚಾದರ ಎಳೆಸಿ, ನೀರು ಐವತ್ತೈದು ಡಿಗ್ರಿ ಮೀರಕೂಡದೆಂದು ಆಜ್ಞೆ ಮಾಡಿದೆ. ಹುಲಿಗೆಮ್ಮ ಓಡಿಬಂದಳು.

"ಅಧ್ಯಕ್ಷರ, ಒಳಗ ಜಲ್ಲಿಕಲ್ಲು ಆಡಿಸಿದಂಗ ಸಪ್ಪಳ ಬರಾಕತ್ತೈತ್ರಿ. ನೀರು ಆರಿಸಿದ ಮ್ಯಾಲೆ ಅದು ಜೋರಾಗೇತಿ. ಒಮ್ಮೆ ಬಂದು ಕೇಳ್ರಿ."

ನಾನು ಹೋಗಲಿಲ್ಲ. ಹೊಸ ಚಕ್ರ ಮೂರೇ ತಿಂಗಳಿಗೆ ಹೋಯಿತು. ಅದು ಏಪ್ರಿಲ್. ನೀರು ಆರಿದ್ದರಿಂದ ತಂಪುಮನೆಗಳೂ ಬೆಚ್ಚಗಾಗಿ, ಕೂಸುಗಳ ಮೈಮೇಲೆ ಬೆವರುಸಾಲೆ ಎದ್ದಿತ್ತು. ಉಗ್ರಾಣದಲ್ಲಿ ಉಳಿದಿದ್ದು ಒಂದೇ ಚಕ್ರ. ಇನ್ನೊಂದನ್ನು ಎರಕ ಹೊಯ್ಯಿಸಿ ತರಲು ಮಳೆಗಾಲವೇ ಬರಬೇಕು. ನನ್ನ ಲೆಕ್ಕ ತಪ್ಪಿದೆ ಎನ್ನುವ ಬದಲು, ಹುಲಿಗೆಮ್ಮನ ನಿರ್ಲಕ್ಷ್ಯವೇ ಕಾರಣವೆಂದು ಬರೆದು, ಅವಳನ್ನು ಕೆಲಸದಿಂದ ಬಿಡಿಸಲು ಸಭೆ ಕರೆದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಸಭೆಗೆ ಅವಳು ಬರಿಗೈಯಲ್ಲಿ ಬರಲಿಲ್ಲ. ಕನ್ನಡಕದ ಅಂಗಡಿಯ ರಜಾಕಸಾಬರನ್ನು ಕರೆದುಕೊಂಡು, ಅವರು ಕನ್ನಡಕ ತೊಳೆಯುವ ನಡುಕತೊಟ್ಟಿಯನ್ನೂ ಹೊತ್ತು ಬಂದಿದ್ದಳು. ಈ ಪುಟ್ಟ ತೊಟ್ಟಿ ನೀರನ್ನು ಕಣ್ಣಿಗೆ ಕಾಣದಷ್ಟು ವೇಗವಾಗಿ ನಡುಗಿಸಿ, ಸಣ್ಣ ಗುಳ್ಳೆಗಳನ್ನು ಎಬ್ಬಿಸಿ ಒಡೆಯುತ್ತದೆ. ಮಿಠಾಯಿ ಸುತ್ತುವ ಅಲ್ಯೂಮಿನಿಯಂ ಹಾಳೆಯಿಂದ ಮೂರು ಒಂದೇ ಅಳತೆಯ ಪಟ್ಟಿ ಕತ್ತರಿಸಿ ನನ್ನ ಕೈಗಿತ್ತಳು.

"ಅಧ್ಯಕ್ಷರು ಅದೀರಿ, ನೀವ ಮುಳುಗಸ್ರಿ. ಆಮ್ಯಾಲೆ ನಾ ಕೈಚಳಕ ಮಾಡೀನಿ ಅನಬ್ಯಾಡ್ರಿ."

ತೊಟ್ಟಿಗೆ ಮಡಕೆಯ ತಣ್ಣೀರು ತುಂಬಿಸಿ, ಮೊದಲ ಪಟ್ಟಿಯನ್ನು ಅದರಲ್ಲಿ ಎರಡು ನಿಮಿಷ ಹಿಡಿದೆ. ಅಲ್ಲಲ್ಲಿ ಸೂಜಿಮೊನೆಯಷ್ಟು ತೂತು. ಎರಡನೆಯದಕ್ಕೆ ನನ್ನ ಆಜ್ಞೆಯ ಐವತ್ತೈದು ಡಿಗ್ರಿ ನೀರು. ಎತ್ತಿದಾಗ ಅದು ಜರಡಿಯಾಗಿತ್ತು, ಅದರ ಮೂಲಕ ಎದುರು ಕುಳಿತ ರಜಾಕಸಾಬರ ಗಡ್ಡ ಕಾಣುತ್ತಿತ್ತು. ಮೂರನೆಯದಕ್ಕೆ ತೊಂಬತ್ತು ಡಿಗ್ರಿ ನೀರು, ಆವಿ ಏಳುತ್ತಿತ್ತು. ಇದು ಕರಗಿಯೇ ಹೋಗುತ್ತದೆಂದು ಮನಸ್ಸಿನಲ್ಲೇ ಗೆಲುವಿನ ಭಾಷಣ ಸಿದ್ಧಮಾಡಿಕೊಂಡೆ. ಪಟ್ಟಿ ಸ್ವಲ್ಪ ಸುಕ್ಕಾಗಿ ಹೊರಬಂತು. ತೂತು ಎಣಿಸಿದರೆ ಮೂರೋ ನಾಲ್ಕೋ.

"ಇದು ಹ್ಯಾಂಗ?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ತಿನ್ನೂದು ಬಿಸಿ ಅಲ್ರಿ, ಗುಳ್ಳಿ," ಎಂದಳು ಹುಲಿಗೆಮ್ಮ. "ಚಕ್ರ ಜೋರ ತಿರುಗಿದಾಗ ನೀರಾಗ ಗುಳ್ಳಿ ಏಳ್ತಾವು. ಒತ್ತಡ ಇದ್ದಲ್ಲಿ ಹೋಗಿ ಕುಸಿದು ಒಡೀತಾವು. ಒಂದೊಂದೂ ಸಣ್ಣ ಸುತ್ತಿಗಿ ಏಟು. ತಣ್ಣೀರಾಗ ಗಾಳಿ ಬೆರತಿರ್ತೈತಿ, ಅದು ಗುಳ್ಳಿ ಒಳಗ ಸೇರಿ ಏಟು ಸ್ವಲ್ಪ ತಡೀತೈತಿ. ಭಾಳ ಕಾದ ನೀರಾಗ ಗುಳ್ಳಿ ತುಂಬ ಆವಿ. ಅದು ದಿಂಬು ಇಟ್ಟಂಗ, ಏಟು ಮೆತ್ತಗ ಬೀಳ್ತೈತಿ. ನಡುವಿನ ಬಿಸಿಯೊಳಗ ಎರಡೂ ಆಸರ ಇಲ್ಲ. ನೀವು ನೋಡಿ ನೋಡಿ ಅದನ್ನ ಆರಿಸೀರಿ!"

ಮೊದಲು ನಕ್ಕವರು ರಜಾಕಸಾಬರು. ಆಮೇಲೆ ಇಡೀ ಸಭೆ. ಕೊನೆಗೆ ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. ನನ್ನ ಕಾಗದವನ್ನು ಎಲ್ಲರೆದುರು ಹರಿದು, ಅವಳಿಗೆ ಕೈಮುಗಿದು, "ತಪ್ಪಾತು ತಂಗಿ" ಎಂದೆ.

ಚಾದರ ಸರಿಸಿ, ಕೊಳದ ಗಾಜಿನ ಮೇಲೆ ಇನ್ನೊಂದು ಪದರ ಗಾಜು ಹೊದಿಸಿ, ನೀರನ್ನು ತೊಂಬತ್ತರ ಹತ್ತಿರ ಕಾಯಿಸಿದೆವು. ಅವಳು ಮುಂಚೆಯೇ ಎಚ್ಚರಿಸಿದಂತೆ ಗುಳ್ಳೆ ಹೆಚ್ಚಾಗಿ, ಪಂಪು ದೂಡುವ ನೀರು ಸ್ವಲ್ಪ ಕಡಿಮೆಯಾಯಿತು. ಆದರೆ ನೀರು ಹೆಚ್ಚು ಬಿಸಿಯಿದ್ದುದರಿಂದ ತಂಪಿಗೆ ಕೊರತೆಯಾಗಲಿಲ್ಲ. ಒಂದೇ ವಾರದಲ್ಲಿ ತಂಪುಮನೆಗಳಲ್ಲಿ ಮುದುಕರು ಶಾಲು ಕೇಳತೊಡಗಿದರು. ಕೊನೆಯ ಚಕ್ರ ಬೇಸಿಗೆ ದಾಟಿತು, ಮಳೆಗಾಲ ದಾಟಿತು, ಎರಡು ವರ್ಷ ತಿರುಗಿತು. ಅದನ್ನು ಬಿಚ್ಚಿದ ದಿನ ಹುಲಿಗೆಮ್ಮ ನನ್ನ ಬೆರಳು ಹಿಡಿದು ಅದರ ಮೇಲೆ ಸವರಿಸಿದಳು. ಅಂಚಿನಲ್ಲಿ ಒಂದಿಷ್ಟು ಒರಟು, ಉಳಿದದ್ದೆಲ್ಲ ನುಣುಪು.

ಈಗ ನನಗೆ ಎಪ್ಪತ್ತೊಂಬತ್ತು. ಅಧ್ಯಕ್ಷಗಿರಿ ಬಿಟ್ಟು, ವಾರಕ್ಕೆರಡು ದಿನ ಪಂಪುಮನೆಯಲ್ಲಿ ಹುಲಿಗೆಮ್ಮನ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ನಿಮ್ಮಲ್ಲಿ ನನ್ನದೊಂದು ಬೇಡಿಕೆಯಿದೆ. ನಿಮ್ಮ ಊರಿನಲ್ಲಿಯೂ ಯಾರೋ ಒಬ್ಬರು ದಿನವಿಡೀ ಯಂತ್ರದ ಪಕ್ಕ ನಿಂತಿರುತ್ತಾರೆ. ಅವರು "ಬಂದು ಕೇಳ್ರಿ" ಎಂದಾಗ ದಯವಿಟ್ಟು ಎದ್ದು ಹೋಗಿ. ನಡೆದರೆ ಹತ್ತು ನಿಮಿಷದ ದಾರಿ. ಹೋಗದಿದ್ದರೆ ಏನಾಗುತ್ತದೆಂದು ನನಗೆ ಗೊತ್ತು.

ಇನ್ನೂ ಬರೆಯುವುದಿತ್ತು. ಆದರೆ ಬಾಗಿಲಿನಿಂದ ಹುಲಿಗೆಮ್ಮನ ಕೂಗು ಬರುತ್ತಿದೆ: "ಯಣ್ಣಾ, ಆ ಪತ್ರ ಸಾಕ್ ಮಾಡ್ರಿ, ಈ ಬೋಲ್ಟ್ ಯಾರು ಬಿಗೀಬೇಕು?" ನಾನು ಎದ್ದೆ. ನೀವೆಲ್ಲ ತಂಪಾಗಿರಿ.