ಸಂತೆಯ ಮೇಲೆ ಎಂಟು ಸುತ್ತು

ಮಾರ್ಚ್ 3, ಬೆಳಿಗ್ಗೆ 6

ಚಹಾ ಆಯಿತು. ಗಾಳಿ ಕಡಿಮೆ. ಇಂದು ತರಬೇತಿ ವಿಮಾನದಲ್ಲಿ ಒಬ್ಬಳೇ ಹಾರಬೇಕು — ವಿಜಯಪುರದಿಂದ ತಿಕೋಟಾ ದಾಟಿ ವಾಪಸ್. ವಿಮಾನಗಳನ್ನು ನೋಡಿಕೊಳ್ಳುವ ಶಿವಯೋಗೆಪ್ಪ ಕಾಕಾ ಆಗಲೇ ಇಂಧನ ತುಂಬಿಸಿ ರಿಜಿಸ್ಟರ್‌ನಲ್ಲಿ ಬರೆದಿದ್ದಾರೆ. ನಿನ್ನೆ ಅಪ್ಪನ ಫೋನು: "ನಾಳಿ ಸಂತಿ ಐತವ್ವಾ. ಒಮ್ಮಿ ಬಬಲೇಶ್ವರದ ಮ್ಯಾಲ ಹಾದು ಹೋಗು. ಮಂದಿ ನೋಡ್ಲಿ." ನನ್ನ ರೂಟಿನಲ್ಲಿ ಬಬಲೇಶ್ವರ ಇಲ್ಲ. ಆದರೂ...

ಮಾರ್ಚ್ 5

ಎಡಗೈಗೆ ಪ್ಲಾಸ್ಟರ್. ಬಲಗೈಯಲ್ಲಿ ಬರೆಯಬಹುದು, ಪುಣ್ಯ.

ಮೊನ್ನೆ ಬಬಲೇಶ್ವರದ ಮೇಲೆ ಒಂದೇ ಸುತ್ತು ಅಂದುಕೊಂಡಿದ್ದೆ. ಕೆಳಗೆ ಜೀಪ್ ಸ್ಟ್ಯಾಂಡ್. ಅಪ್ಪ ಟವೆಲ್ ಬೀಸುತ್ತಿದ್ದ. ಅದೇ ಸ್ಟ್ಯಾಂಡಿನಿಂದ ಇಪ್ಪತ್ತು ವರ್ಷ ಜೀಪ್ ಓಡಿಸಿದವನು. ಶಾಲೆಯ ರಜೆಯಲ್ಲಿ ನಾನು ಗೇರಿನ ಪಕ್ಕ, ಅವನಿಗೆ ಒತ್ತಿಕೊಂಡು. ಹದಿನೆಂಟು ಮಂದಿ ಒಳಗೆ, ನಾಲ್ವರು ಹಿಂದೆ ಜೋತಾಡುತ್ತ. ಡೀಸೆಲ್ ಮುಳ್ಳು ಸೊನ್ನೆಗೆ ಬಂದರೆ ನಾನು ಚೀರುತ್ತಿದ್ದೆ. "ಅಂಜಬ್ಯಾಡ. ಸೊನ್ನಿ ಅಂದ್ರೂ ಗಾಂಧಿ ಚೌಕ ಮುಟ್ಟತೈತಿ" ಅನ್ನುತ್ತಿದ್ದ. ವಿಜಯಪುರದವರೆಗೆ ಮುಟ್ಟುತ್ತಲೂ ಇತ್ತು! ಎಂಥ ಸುಖದ ದಿನಗಳು. ಮೇಲಿನಿಂದ ಆ ರಸ್ತೆ ನೋಡಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಮತ್ತೊಂದು ಸುತ್ತು. ಮತ್ತೊಂದು. ಗಡಿಯಾರ ನೋಡಲೇ ಇಲ್ಲ. ತಿಕೋಟಾ ಬರುವಷ್ಟರಲ್ಲಿ ಇಂಧನದ ಮುಳ್ಳು ಕೆಳಗೆ. ಅಲ್ಲಿಂದಲೇ ವಾಪಸ್ ತಿರುಗಬೇಕಿತ್ತು. ನಾನೊಬ್ಬಳು ಹುಚ್ಚಿ, ಜೀಪಿನಂತೆ ಇನ್ನೂ ಇರುತ್ತದೆ ಅಂದುಕೊಂಡೆ. ಕಳ್ಳಕವಟಗಿ ಹತ್ತಿರ ಎಂಜಿನ್ ಕೆಮ್ಮಿ ನಿಂತಿತು. ಕೆಳಗೆ ಜೋಳ ಕೊಯ್ದ ಹೊಲ. ಇಳಿಸಿದೆ. ಒಡ್ಡಿಗೆ ಬಡಿದು ರೆಕ್ಕೆ ಮುರಿಯಿತು, ನನ್ನ ಕೈಯೂ.

ಹೊಲದ ಸೀತವ್ವ ನನ್ನನ್ನು ಹೊರಗೆಳೆದಳು. "ಯಾರ ಮಗಳಬೇ ನೀ?" ಜೀಪಿನ ರಾಜಾರಾಮನ ಮಗಳು ಅನ್ನುವಾಗ ಅಳು ಬಂತು.

ಮಾರ್ಚ್ 9

ವಿಚಾರಣೆ. ಟ್ಯಾಂಕ್ ಪೂರ್ತಿ ಖಾಲಿ ಇತ್ತಂತೆ. ನಮಗೆ ಹಾರಲು ಕಲಿಸುವ ಚಂದ್ರಕಾಂತ ಸರ್ ಕೇಳಿದರು: "ರೂಟ್ ಬಿಟ್ಟು ಎಲ್ಯಾರ ಹೋಗಿದ್ದೇನು, ವಿಶಾಖಾ?"

ಇಲ್ಲ ಸರ್, ಅಂದೆ.

ಹಾಗಾದರೆ ಕಾಕಾನೇ ಇಂಧನ ಕಡಿಮೆ ಹಾಕಿ ಸುಳ್ಳು ಬರೆದಿರಬೇಕು ಎಂದು ಅವರನ್ನು ಕೆಲಸದಿಂದ ನಿಲ್ಲಿಸಿದರು. ಕಾಕಾ ನನ್ನ ಕೈ ನೋಡಿ, "ಭಾಳ ನೋಯಾಕತ್ತೈತೇನವ್ವಾ?" ಅಂದು ಹೊರಟುಹೋದರು. ಥೂ, ನನ್ನ ಜನ್ಮಕ್ಕೆ.

ಮಾರ್ಚ್ 12, ಬಬಲೇಶ್ವರ

ಚಹಾದಂಗಡಿಯಲ್ಲಿ ಅಪ್ಪ ದೊಡ್ಡ ದನಿಯಲ್ಲಿ: "ಎಂಟು ಸುತ್ತ ಹಾಕ್ಯಾಳ! ನಾನ ಎಣಿಸೇನಿ!" ಪಕ್ಕಕ್ಕೆ ಕರೆದೆ.

"ಅಪ್ಪಾ, ಯಾರಿಗೂ ಹೇಳಬ್ಯಾಡ. ನನ್ನ ಲೈಸೆನ್ಸ್ ಹೋಗತೈತಿ."

ನನ್ನನ್ನೇ ನೋಡಿದ. ಒಳಗೆ ಹೋಗಿ ಅಂದ: "ಅದು ಬ್ಯಾರೆ ಯಾರದೋ ವಿಮಾನಂತ್ರಿ. ನಮ್ಮ ಹುಡುಗಿದಲ್ಲ." ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆ ನಗು ನೋಡಲಾಗಲಿಲ್ಲ.

ಮಾರ್ಚ್ 14

ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ. ಸರ್ ಓದಿದರು, ಬೈಯಲಿಲ್ಲ. ನನ್ನ ಹಾರಾಟದ ಲಾಗ್‌ಬುಕ್ ಇಟ್ಟುಕೊಂಡರು. ಇನ್ನು ಹಾರುವುದು ಇದೆಯೋ ಇಲ್ಲವೋ. ಕಾಕಾ ನಾಳೆಯಿಂದ ಕೆಲಸಕ್ಕೆ ಬರುತ್ತಾರೆ.

ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪ ಎಲ್ಲ ಕೇಳಿ, ಮೆಲ್ಲಗೆ: "ಹಂಗಾದ್ರ ಈಗ ಮಂದಿಗಿ ಹೇಳಬಹುದೇನವ್ವಾ... ಅದು ನೀನ ಅಂತ?"

ಹೇಳಪ್ಪಾ, ಅಂದೆ. ಎಲ್ಲಾರಿಗೂ ಹೇಳು, ಚಹಾದಂಗಡಿ ಮುಂದ ನಿಂತು — ಎಂಟು ಸುತ್ತ ಹಾಕಿದಾಕಿ ನಿನ್ನ ಮಗಳ ಅಂತ.